ತಾರೀಖು ಮರೆತುಹೋಗುತ್ತಿದ್ದರೆ ಹೀಗೆ ಮಾಡಿ
ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ (ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್) ಪರೀಕ್ಷೆಗೆ ಓದುತ್ತಿರುವವರು ಇಸವಿ ಪ್ರಕಾರ ಬಾಯಿಪಾಠ ಮಾಡೋದು ಬಿಡಿ. ಒಂದು ತಾರೀಖಿಗೆ ಒಂದು ಪುಟ ಇಟ್ಟು, ನಮ್ಮೂರಿನ ಘಟನೆಯನ್ನೇ ಮೊದಲ ಸಾಲಿಗೆ ಬರೆಯಿರಿ. ಆಗಸ್ಟ್ 15ರ ಪುಟ: 1997, ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ. ಅದರ ಕೆಳಗೆ 1947 ಸ್ವಾತಂತ್ರ್ಯ, 1872 ಅರವಿಂದರ ಜನನ, 1798 ಸಂಗೊಳ್ಳಿ ರಾಯಣ್ಣನ ಜನನ. ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಗಾಗಿ ಜನವರಿ 26ರ ಗಣರಾಜ್ಯ ದಿನದ ಪುಟವೂ ಅವನಿಂದಲೇ ಶುರುವಾಯಿತು. ದಿನ ಮೊದಲೇ ಗೊತ್ತಿರುವುದರಿಂದ ಇಸವಿಯೊಂದನ್ನೇ ನೆನಪಿಟ್ಟರೆ ಸಾಕು. ತಿಥಿ ಮೇಲೆ ಬರುವ ಬಸವ ಜಯಂತಿ, ಕನಕ ಜಯಂತಿಗೆ ಮಾತ್ರ ಇದು ಒಗ್ಗದು, ವರ್ಷವರ್ಷ ತಾರೀಖು ಬದಲಾಗುತ್ತೆ. ನವೆಂಬರ್ 1ರಲ್ಲೂ ಎಚ್ಚರ: ಏಕೀಕರಣ 1956, ಕರ್ನಾಟಕ ಅನ್ನೋ ಹೆಸರು 1973. ಎರಡನ್ನೂ ಬೇರೆ ಬೇರೆ ಶಾಯಿಯಲ್ಲಿ ಬರೆಯಿರಿ.