ಲಿಫ್ಟಿನಲ್ಲಿ ಕೆಳಗಿಳಿಯುವ ಕಥೆ: ವೆಬ್‌ಕಾಮಿಕ್ ಬರೆದ ನನ್ನ ಅನುಭವ

ಶ್ರೀಮಂತರ ಮಗುವನ್ನು ಸಾಕುವ ರೌಡಿ. ಯಜಮಾನಿಯ ಆರೈಕೆಗೆ ನಿಲ್ಲುವ ಕೆಲಸದ ಹುಡುಗಿ. ಬೀದಿಯ ಹುಡುಗನನ್ನು ಬೈಯುತ್ತಲೇ ಮನೆಗೆ ಕರೆತರುವ ಮುಂಗೋಪಿ ತಾತ. ಮೊಬೈಲಲ್ಲಿ ಓದುವ ಚಿತ್ರಕಥೆಗಳಲ್ಲಿ, ಅಂದರೆ ವೆಬ್‌ಟೂನ್‌ಗಳಲ್ಲಿ, ಇಂಥ ಕಥೆಗಳಿಗೆ ಬರವಿಲ್ಲ. ನಾನೂ ನಿದ್ದೆಗೆಟ್ಟು ಓದುವವಳೇ.

ಇವು ಯಾಕಿಷ್ಟು ಹಿಡಿಸುತ್ತವೆ? ನನಗೆ ಅನಿಸುವುದು ಇಷ್ಟು. ದುಡ್ಡಿರುವವರು ಮೇಲೆ, ಇಲ್ಲದವರು ಕೆಳಗೆ ಅನ್ನುವ ಲೆಕ್ಕ ಒಬ್ಬರು ಹಾಸಿಗೆ ಹಿಡಿಯುವವರೆಗೆ ಮಾತ್ರ. ಆಮೇಲೆ ಚಮಚ ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ. ಆದರೆ ಸಂಬಳ ಕೊಡುವವರ ಮಾತೂ ನಿಲ್ಲುವುದಿಲ್ಲ, ಅಲ್ವಾ? ಮಜಾ ಇರುವುದೇ ಈ ಜಗ್ಗಾಟದಲ್ಲಿ. ಬಹಳಷ್ಟು ಕಾಮಿಕ್‌ಗಳು ನಾಲ್ಕೈದು ಕಂತು ಆದಮೇಲೆ ಸಂಬಳದ ಸುದ್ದಿಯನ್ನೇ ಬಿಟ್ಟುಬಿಡುತ್ತವೆ. ಪ್ರೀತಿ ಬಂತಲ್ಲ, ಇನ್ನು ದುಡ್ಡಿನ ಮಾತೇಕೆ ಅಂತ. ನನ್ನ ಕಾಮಿಕ್‌ನಲ್ಲಿ ದುಡ್ಡು ಕೊನೆಯವರೆಗೂ ಪುಟದ ಮೇಲೇ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ.

ಕಥೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನದು. 11ನೇ ಮಹಡಿಯಲ್ಲಿ ನಿವೃತ್ತ ಎಂಜಿನಿಯರ್ ರಾಯರು. ಮಗ ಕ್ಯಾಲಿಫೋರ್ನಿಯಾದಲ್ಲಿ. ರಾಯರಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಡಿಮೆನ್ಷಿಯಾ ಇರುವ ಕೆಲವರಿಗೆ ಸಂಜೆಯಾದ ಮೇಲೆ ಚಡಪಡಿಕೆ ಜಾಸ್ತಿ. ಅವರೂ ರಾತ್ರಿ ಲಿಫ್ಟ್ ಹತ್ತಿ ಬೇಸ್‌ಮೆಂಟಿಗೆ ಬಂದು, ವಾಚ್‌ಮನ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಅವನನ್ನು ಸೈಟಿನ ಮೇಸ್ತ್ರಿ ಅಂದುಕೊಂಡು ಸಿಮೆಂಟಿನ ಲೆಕ್ಕ ಕೇಳುತ್ತಾರೆ. ವಾಚ್‌ಮನ್ ರಾಯಚೂರು ಕಡೆಯವನು. ಮೊದಲ ದಿನ ಗಾಬರಿ, ಎರಡನೇ ದಿನ ಲೆಕ್ಕ ಒಪ್ಪಿಸುತ್ತಾನೆ. ಹೀಗೆ ಯಾರೂ ನೇಮಿಸದೆ, ಯಾರೂ ಕೇಳದೆ ಅವನ ಕೊರಳಿಗೆ ಈ ಆರೈಕೆ ಬೀಳುತ್ತದೆ.

ಮೊಬೈಲಿನಲ್ಲಿ ಉದ್ದಕ್ಕೆ ಸ್ಕ್ರೋಲ್ ಮಾಡಿ ಓದುವ ಈ ರೂಪ ದಕ್ಷಿಣ ಕೊರಿಯಾದಿಂದ ಬಂದದ್ದು. ಅಲ್ಲಿ ದೊಡ್ಡ ವೆಬ್ ಪೋರ್ಟಲ್‌ಗಳು 2003-04ರ ಹೊತ್ತಿಗೆ ಇದನ್ನು ಮೊದಲು ಕಂಪ್ಯೂಟರಿನಲ್ಲಿ ಶುರು ಮಾಡಿದವು. ಅಪಾರ್ಟ್‌ಮೆಂಟಿನ ಕಥೆಗೆ ಇದಕ್ಕಿಂತ ಒಳ್ಳೆಯ ರೂಪ ನನಗೆ ಗೊತ್ತಿಲ್ಲ. ಓದುವವರ ಹೆಬ್ಬೆರಳು ಸರಿದ ಹಾಗೆ ಲಿಫ್ಟ್ ಇಳಿಯುತ್ತದೆ. ಮೇಲೆ ಬಾಲ್ಕನಿ, ತುಳಸಿ ಕುಂಡ, ಬಿಸಿಲು. ಮಧ್ಯದಲ್ಲಿ ಚಪ್ಪಲಿ ಸ್ಟ್ಯಾಂಡುಗಳು. ಕೊನೆಗೆ ಟ್ಯೂಬ್‌ಲೈಟು, ನೀರಿನ ಪೈಪು, ಮಡಚುವ ಮಂಚ. ವರ್ಗದ ಅಂತರ ವಿವರಿಸಲು ಒಂದು ಮಾತೂ ಬೇಕಾಗಲಿಲ್ಲ. ಉದ್ದನೆಯ ಚಿತ್ರವನ್ನು ನಾನು ಅಗಲ 800, ಎತ್ತರ 1280 ಪಿಕ್ಸೆಲ್ ಅಳತೆಯ ತುಂಡುಗಳಾಗಿ ಕತ್ತರಿಸುತ್ತೇನೆ. ಎರಡು ತುಂಡಿನ ಗಡಿ ಯಾವಾಗಲೂ ಖಾಲಿ ಜಾಗದಲ್ಲಿ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಇನ್‌ಸ್ಟಾಗ್ರಾಮಿನಲ್ಲಿ ಮಾತ್ರ ಈ ಲಿಫ್ಟ್ ಕೆಲಸ ಮಾಡಲ್ಲ. ಅಲ್ಲಿ ಪಕ್ಕಕ್ಕೆ ಸರಿಸಬೇಕು. ಅದಕ್ಕಾಗಿ ಫ್ರೇಮ್‌ಗಳನ್ನು ಬೇರೆಯಾಗಿ ಜೋಡಿಸುವುದು ಡಬಲ್ ಕೆಲಸ, ಬೇಸರದ ಕೆಲಸ.

ಕನ್ನಡ ಅಕ್ಷರ ಕೂರಿಸುವುದು ಇನ್ನೊಂದು ತಾಪತ್ರಯ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಹಾಗಾಗಿ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ನಮ್ಮ ಕ್ರಿಯಾಪದಗಳೋ ರೈಲಿನಷ್ಟು ಉದ್ದ, ಮಾತು ಬರೆಯುವ ಬಲೂನಿನೊಳಗೆ ಹಿಡಿಯುವುದೇ ಇಲ್ಲ. ಚಿತ್ರ ಕ್ರಿಟಾದಲ್ಲಿ ಬರೆದು, ಮಾತು ಇಂಕ್‌ಸ್ಕೇಪ್‌ನಲ್ಲಿ ಕೂರಿಸುತ್ತೇನೆ. ಎರಡೂ ಉಚಿತ ಸಾಫ್ಟ್‌ವೇರ್. ಬಲೂ ತಮ್ಮ ಅನ್ನುವ ದುಂಡನೆಯ ಫಾಂಟು ಚಿಕ್ಕ ಪರದೆಯಲ್ಲೂ ಚೆನ್ನಾಗಿ ಕಾಣುತ್ತದೆ.

ಹೆಚ್ಚು ಜನ ಹಂಚಿಕೊಂಡದ್ದು ಉಗುರಿನ ಕಂತು. ಅದರಲ್ಲಿ ಏನೂ ನಡೆಯುವುದಿಲ್ಲ. ವಾಚ್‌ಮನ್ ರಾಯರ ಕಾಲುಗುರು ಕತ್ತರಿಸುತ್ತಾನೆ, ಅಷ್ಟೇ. ವಯಸ್ಸಾದವರ ಕಾಲುಗುರು ದಪ್ಪ, ಬಿಸಿನೀರಲ್ಲಿ ನೆನೆಯದೆ ಕಟರ್ ಹಿಡಿಯಲ್ಲ. ಅವನು ರಾಯರ ಮನೆಯ ಬಾತ್‌ರೂಮಿನ ಬಾಗಿಲಲ್ಲಿ ನಿಂತು, ಎರಡು ಬಕೆಟ್‌ಗಳಲ್ಲಿ ಯಾವುದನ್ನು ಮುಟ್ಟಬಹುದು ಅಂತ ಯೋಚಿಸುತ್ತಾನೆ. ಆಮೇಲೆ ನೆಲದ ಮೇಲೆ ಕೂತು, ಒದ್ದೆ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ರಾಯರು ಸೋಫಾದ ಮೇಲೆ, ಅವನು ಕೆಳಗೆ. ನೋಡಿದರೆ ಹಳೇ ಯಜಮಾನ-ಆಳಿನ ಚಿತ್ರವೇ. ಆದರೆ ಬಲೂನಿನಲ್ಲಿ ಅವನ ಮಾತು: "ಕಾಲ ಅಳ್ಳಾಡಿಸಬ್ಯಾಡ್ರಿ ಸರ, ಸುಮ್ನ ಕುಂದರ್ರಿ." ರಾಯರು ಸುಮ್ಮನೆ ಕೂರುತ್ತಾರೆ. ಆ ಕಂತಿನಲ್ಲಿ ಯಾರ ಮುಖವನ್ನೂ ತೋರಿಸಲಿಲ್ಲ. ಕೈ, ಪಾದ, ಪೇಪರಿನ ಮೇಲೆ ಬಿದ್ದ ಉಗುರಿನ ಚೂರು. ಮುಖ ಬರೆದಿದ್ದರೆ ಕಣ್ಣೀರು ಬರೆಯುವ ಆಸೆ ಆಗುತ್ತಿತ್ತು.

ಅದರ ಮುಂದಿನ ಕಂತಿನಲ್ಲಿ ಮಗನ ವಿಡಿಯೋ ಕಾಲ್. ಇಲ್ಲಿ ರಾತ್ರಿ 8 ಗಂಟೆ ಅಂದರೆ ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 7:30. ಫೋನ್ ಹಿಡಿದು ನಿಂತವನು ವಾಚ್‌ಮನ್. ಅದಕ್ಕೇ ಅವನು ಪರದೆಯಲ್ಲಿ ಕಾಣುವುದೇ ಇಲ್ಲ. ಮಗ ಕೊನೆಗೆ "ಥ್ಯಾಂಕ್ಯೂ ಭಯ್ಯಾ" ಅನ್ನುತ್ತಾನೆ. ಅಚ್ಚ ಕನ್ನಡದವನಿಗೆ ಭಯ್ಯಾ! ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಗೇಟಿನಲ್ಲಿ ನಿಂತವರೆಲ್ಲ ಭಯ್ಯಾಗಳೇ. ಅವನ ಹೆಸರೇನು ಅಂತ ರಾಯರು ಒಂದು ಕಂತಿನಲ್ಲಿ ಕೇಳುತ್ತಾರೆ. ಇಲ್ಲಿ ಹೇಳಲ್ಲ, ಓದಿ.

ಈ ಕಥೆಗೆ ವಿಲನ್ ಹುಡುಕಬೇಕಾಗಲಿಲ್ಲ. ಸೆಕ್ಯೂರಿಟಿ ಏಜೆನ್ಸಿಯ ಡ್ಯೂಟಿ ಚಾರ್ಟೇ ಸಾಕಾಯಿತು. ಫ್ಲ್ಯಾಟಿನವರು ಏಜೆನ್ಸಿಗೆ ಕೊಡುತ್ತಾರೆ, ಏಜೆನ್ಸಿ ತನ್ನ ಪಾಲು ಹಿಡಿದು ಅವನಿಗೆ ಕೊಡುತ್ತದೆ. ನಾಳೆ ಬೇರೆ ಸೈಟಿಗೆ ಹೋಗು ಅಂದರೆ ಹೋಗಬೇಕು. ಪ್ರತಿ ಕಂತಿನಲ್ಲೂ ಗೋಡೆಯ ಮೇಲೆ ಆ ಚಾರ್ಟ್ ಇರುತ್ತದೆ. ಓದುಗರು ಅದನ್ನು ಜೂಮ್ ಮಾಡಿ ನೋಡುತ್ತಾರೆ!

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 2000ದಲ್ಲಿ ಆರೈಕೆಯ ಸರಪಳಿಯ ಬಗ್ಗೆ ಬರೆದರು. ಬಡ ದೇಶದ ಹೆಂಗಸು ಶ್ರೀಮಂತ ದೇಶದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಅವಳ ಮಕ್ಕಳನ್ನು ಊರಲ್ಲಿ ಇನ್ಯಾರೋ ನೋಡಿಕೊಳ್ಳುತ್ತಾರೆ. ನಮ್ಮ ವಾಚ್‌ಮನ್‌ಗೂ ಊರಲ್ಲಿ ತಾಯಿ ಇದ್ದಾಳೆ. ಅವಳ ಉಗುರು ಕತ್ತರಿಸುವವಳು ಪಕ್ಕದ ಮನೆಯ ಸೊಸೆ, ಅವಳಿಗೆ ಯಾರೂ ಏನೂ ಕೊಡುವುದಿಲ್ಲ. ಈ ಎಳೆ ಬಂದಮೇಲೆ ಕೆಲವರಿಗೆ ಕಥೆ ಭಾರ ಅನಿಸಿತು. ಇರಲಿ.

ರಾಯರು ಫ್ಲ್ಯಾಟನ್ನು ಅವನ ಹೆಸರಿಗೆ ಬರೆದುಬಿಡಲಿ ಅಂತ ಬಹಳ ಜನ ಕೇಳುತ್ತಾರೆ. ನಾನು ಬರೆಸಲ್ಲ. ಹಾಗೆ ಮಾಡಿದರೆ ಅವನ ಕೆಲಸಕ್ಕೆ ಕೂಲಿ ಅಲ್ಲ, ಲಾಟರಿ ಹೊಡೆದ ಹಾಗಾಗುತ್ತದೆ. ಅದೂ ಅಲ್ಲದೆ, ಮರೆವಿನ ಕಾಯಿಲೆಯವರ ಸಹಿ ಇಟ್ಟುಕೊಂಡು ಅವನು ಕೋರ್ಟು ಕಚೇರಿ ಅಲೆಯಬೇಕು. ಈಗ ಬರೆಯುತ್ತಿರುವ ಕಂತಿನಲ್ಲಿ ಮಗ ಊರಿಗೆ ಬಂದು, ಏಜೆನ್ಸಿ ಬಿಟ್ಟು ನಮ್ಮ ಮನೆಗೇ ಬಂದುಬಿಡು ಅನ್ನುತ್ತಾನೆ. ವಾಚ್‌ಮನ್ ಡ್ಯೂಟಿ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ತನ್ನ ಬೇಡಿಕೆ ಬರೆದು ಕೊಡುತ್ತಾನೆ: ವಾರಕ್ಕೊಂದು ರಜೆ, ಪಿಎಫ್, ತಾಯಿಯನ್ನು ನೋಡಲು ಊರಿಗೆ ಹೋದಾಗ ಸಂಬಳ ಕಡಿತ ಇಲ್ಲ. ಮಗ ಮೊದಲೆರಡಕ್ಕೆ ಒಪ್ಪಿದ್ದಾನೆ. ಮೂರನೆಯದಕ್ಕೆ ಇನ್ನೂ ಚೌಕಾಸಿ ನಡೆಯುತ್ತಿದೆ.