ಅರಗಿನ ಮೇಲೆ ಉಳಿ: ಕುಂಕುಮ ಭರಣಿಗೆ ಕೆತ್ತಿ ಬಣ್ಣ ತುಂಬಿದ ನನ್ನ ಅನುಭವ

ಅರಗು ಹಾಕಿದ ಮೇಲೆ ಉಳಿ ಮುಟ್ಟಿಸಿದರೆ ಸಾಮಾನು ಹಾಳು ಅಂತ ನಮ್ಮ ಚನ್ನಪಟ್ಟಣದಲ್ಲಿ ಹೇಳದವರಿಲ್ಲ. ಬರೀ ಮರದ ಮೇಲೆ ಕೆತ್ತಿ ಆಮೇಲೆ ಅರಗು ಹಾಕು ಅಂದರು. ಅದನ್ನೂ ಮಾಡಿದೆ. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದ ಕೂಡಲೇ ಅರಗು ಕರಗಿ ಗೀರು ಮುಚ್ಚಿಹೋಗುತ್ತೆ, ಉಳಿದ ಅಂಚು ಹೊಳಪಿಗೆ ಒತ್ತುವ ತಾಳೆಗರಿಗೆ ಸಿಕ್ಕಿ ಕಿತ್ತು ಬರುತ್ತೆ. ಬ್ರಷ್‌ನಲ್ಲಿ ಅರಗಿನ ಮೇಲೆಯೇ ಬರೆದರೆ ನೀರಿನ ಬಣ್ಣ ಹಿಡಿಯಲ್ಲ, ಸ್ಪಿರಿಟ್ ಬೆರೆತ ಬಣ್ಣ ಅರಗನ್ನೇ ತಿನ್ನುತ್ತೆ.

ಆದರೆ ಅರಗಿಗೆ ನೀರಿನ ಬಣ್ಣ ಹಿಡಿಯಲ್ಲ ಅನ್ನೋದೇ ಕೊನೆಗೆ ಕೈಹಿಡಿಯಿತು. ಅರಗು ದಾಟಿ ಮರದವರೆಗೆ ಕೆತ್ತಬೇಕು, ಗೀರಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ತುಂಬಬೇಕು, ಮೇಲಿನದನ್ನು ಒರೆಸಬೇಕು. ಬಣ್ಣ ಮರವನ್ನು ಕಚ್ಚಿಕೊಳ್ಳುತ್ತೆ, ಅರಗಿನ ಮೇಲಿನದು ಬಟ್ಟೆಗೆ ಬಂದುಬಿಡುತ್ತೆ.

ನಾನು ಮಾಡಿದ್ದು ಎರಡೂವರೆ ಇಂಚಿನ ಭರಣಿ, ನಮ್ಮಲ್ಲಿ ಬೊಂಬೆಗೆ ಬಳಸುವ ಆಲೆ ಮರದ್ದು. ಮರ ಚೆನ್ನಾಗಿ ಒಣಗಿರಲೇಬೇಕು. ಹಸಿ ಇದ್ದರೆ ಆಮೇಲೆ ಮರ ಕುಗ್ಗಿ, ಗೀರಿನ ಅಂಚಿನಲ್ಲಿ ಅರಗು ಎದ್ದು ನಿಲ್ಲುತ್ತೆ. ಅರಗು ತೆಳುವಾಗಿರಲಿ; ದಪ್ಪ ಬಳಿದಷ್ಟೂ ಸಿಡಿಯೋದು ಜಾಸ್ತಿ.

ಸುತ್ತಳತೆ ಭಾಗ ಮಾಡೋಕೆ ಕಾಗದದ ಪಟ್ಟಿ ಸುತ್ತಿ, ಕತ್ತರಿಸಿ, ಎಂಟಾಗಿ ಮಡಚಿ. ಹನ್ನೆರಡು ಭಾಗ ನೋಡೋಕೆ ಚೆಂದ, ಆದರೆ ಈ ಅಳತೆಗೆ ಹೂವಿನ ಎಸಳು ಇಕ್ಕಟ್ಟಾಗುತ್ತೆ. ಚಿತ್ರಕ್ಕೆ ಸೂಜಿಯಲ್ಲಿ ತೂತು ಹಾಕಿದ ಕಾಗದ, ಮೇಲೆ ಬಟ್ಟೆಯಲ್ಲಿ ಕಟ್ಟಿದ ಸೀಮೆಸುಣ್ಣದ ಪುಡಿ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಗುರುತು ಬೀಳುತ್ತೆ. ಕೈ ತಾಗಿದರೆ ಅಳಿಯುತ್ತೆ, ಹಾಗಾಗಿ ಒಂದೊಂದೇ ಭಾಗ ಗುರುತು ಹಾಕಿ ಕೆತ್ತುತ್ತೇನೆ.

ಮೊದಲ ಸಲ 40 ಭರಣಿ ಕೆತ್ತಿದ್ದರಲ್ಲಿ ಸರಿಬಂದದ್ದು 11. ಸುಮಾರು 2000 ರೂಪಾಯಿ ಮಣ್ಣುಪಾಲು. ತಪ್ಪು ಎರಡು. ಒಂದು, ಬೆಳಗಿನ ಚಳಿಯಲ್ಲಿ ಕೆತ್ತಿದ್ದು. ತಣ್ಣಗಿರುವ ಅರಗು ಗಾಜಿನ ಹಾಗೆ ಚಕ್ಕೆ ಏಳುತ್ತೆ, ಜಾಸ್ತಿ ಬಿಸಿಯಾದರೆ ಉಳಿಗೆ ಅಂಟುತ್ತೆ. ಈಗ 60 ವ್ಯಾಟ್‌ನ ಬಿಸಿಯಾಗುವ ಹಳೇ ತಂತಿ ಬಲ್ಬಿನ ಕೆಳಗೆ, ಒಂದು ಗೇಣು ದೂರದಲ್ಲಿ ನಾಲ್ಕು ನಾಲ್ಕು ಭರಣಿ ಇಟ್ಟಿರುತ್ತೇನೆ. ಕೆನ್ನೆಗೆ ಹಿಡಿದರೆ ಬೆಚ್ಚಗೆ ಅನಿಸಬೇಕು, ಅಷ್ಟೇ. ಇನ್ನೊಂದು, ನೇರವಾಗಿ ವಿ ಉಳಿ (V ಆಕಾರದ ಬಾಯಿಯ ಉಳಿ) ಹಾಕಿದ್ದು. ಭರಣಿಯ ಮೈಮೇಲೆ ಮರದ ಎಳೆ, ಅಂದರೆ ನಾರು, ಮೇಲಿಂದ ಕೆಳಗೆ ಇರುತ್ತೆ. ಓರೆ ಗೀರಿನಲ್ಲಿ ಒಂದು ಗೋಡೆ ನುಣ್ಣಗೆ ಬಂದರೆ ಇನ್ನೊಂದು ಎಳೆಗೆ ಎದುರಾಗಿ ಹರಿಯುತ್ತೆ. ಅದಕ್ಕೆ ಮೊದಲು ಚೂಪು ಚಾಕುವಿನಲ್ಲಿ ಎರಡೂ ಅಂಚು ಕೊಯ್ದು, ಆಮೇಲೆ 2 ಮಿಲಿಮೀಟರ್ ವಿ ಉಳಿ. ಆಳ ಒಂದು ಮಿಲಿಮೀಟರ್ ಹತ್ತಿರ. ಅರ್ಧಕ್ಕಿಂತ ಕಡಿಮೆ ಆದರೆ ಒರೆಸುವಾಗ ಬಣ್ಣ ಎದ್ದು ಬರುತ್ತೆ, ಒಂದೂವರೆ ಆದರೆ ಎರಡು ಸಲ ತುಂಬಬೇಕು.

ಮುಚ್ಚಳದ ತಲೆ ಬೇರೆಯೇ ಕಥೆ. ಅಲ್ಲಿ ಎಳೆಯ ತುದಿ ಮೇಲಕ್ಕಿರುತ್ತೆ, ಬತ್ತಿ ಎಣ್ಣೆ ಹೀರುವ ಹಾಗೆ ಬಣ್ಣ ಹೀರಿ ಅರಗಿನ ಕೆಳಗೆ ಹರಡುತ್ತೆ, ಗೀರು ಮಬ್ಬಾಗುತ್ತೆ. ಒಂದು ಪಾಲು ಫೆವಿಕಾಲ್‌ಗೆ ನಾಲ್ಕು ಪಾಲು ನೀರು ಸೇರಿಸಿ ಮೊದಲು ಗೀರಿಗೆ ಬಳಿದು ಒಣಗಿಸಿದರೆ ಹರಡಲ್ಲ.

ಬಣ್ಣ ತುಂಬಿ ಹತ್ತರಿಂದ ಹದಿನೈದು ನಿಮಿಷ ಬಿಟ್ಟು, ಹಿಂಡಿದ ಹತ್ತಿ ಬಟ್ಟೆಯಿಂದ ಗೀರಿಗೆ ಅಡ್ಡವಾಗಿ ಒರೆಸಬೇಕು. ಉದ್ದಕ್ಕೆ ಒರೆಸಿದರೆ ಬಟ್ಟೆ ಗೀರಿನೊಳಗೆ ಇಳಿದು ಬಣ್ಣ ತೋಡುತ್ತೆ. ಪೂರ್ತಿ ಒಣಗಲು ಬಿಟ್ಟರೆ ಮೇಲಿನ ಪೊರೆ ಸುಲಿಯುವಾಗ ಒಳಗಿನದನ್ನೂ ಎಳೆದುಕೊಂಡು ಬರುತ್ತೆ. ಪೋಸ್ಟರ್ ಕಲರ್ ಬೇಡ, ಒದ್ದೆ ಬಟ್ಟೆಗೇ ಕರಗುತ್ತೆ. ಅಕ್ರಿಲಿಕ್ ಒಣಗುವಾಗ ಕುಗ್ಗಿ ನಡುವೆ ತಗ್ಗು ಬೀಳುತ್ತಲ್ಲ, ಅದಕ್ಕೆ ಬಣ್ಣದಲ್ಲಿ ಒಂದು ಪುಡಿ ಸೇರಿಸುತ್ತೇನೆ. ಯಾವ ಪುಡಿ ಅಂತ ಕೇಳಬೇಡಿ, ಅಡುಗೆಮನೆಯದ್ದಂತೂ ಅಲ್ಲ.

ಕೊನೆಗೆ ಹೊಳಪಿಗೆ ಅಂತ ಮತ್ತೆ ಲೇತಿಗೆ ಹಾಕಿ ಬಣ್ಣವಿಲ್ಲದ ಅರಗು ಕೊಟ್ಟು ಒಂದು ಡಜನ್ ಕಳೆದುಕೊಂಡೆ. ಬಿಸಿಗೆ ಅಂಚಿನ ಅರಗು ಹರಿದು ಗೀರನ್ನೇ ನುಂಗಿತು. ಈಗ ಎರಡು ದಿನ ಒಣಗಿಸಿ, ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಟರ್ಪೆಂಟೈನ್ ಬೆರೆಸಿ ಕೈಯಲ್ಲೇ ತಿಕ್ಕುತ್ತೇನೆ. ಟರ್ಪೆಂಟೈನ್ ಅರಗನ್ನು ಕರಗಿಸಲ್ಲ.

ನಡುವೆ ಇನ್ನೊಂದು ಹುಚ್ಚು: ಕೆಳಗೆ ಹಳದಿ ಅರಗು, ಮೇಲೆ ಕೆಂಪು, ಕೆಂಪನ್ನಷ್ಟೇ ಗೀರಿ ಹಳದಿ ಗೆರೆ ತೆಗೆಯೋದು. ಕೆಂಪು ಒತ್ತುವಾಗ ಹಳದಿಯೂ ಕರಗಿ ಎಲ್ಲಾ ಕಿತ್ತಳೆಯಾಯಿತು. ಕೆಳಗಿನ ಅರಗನ್ನು ಕಡ್ಡಿಯಾಗಿ ಎಳೆಯುವ ಮೊದಲು ಹೆಚ್ಚು ಹೊತ್ತು ಕಾಯಿಸಿದರೆ ಗಟ್ಟಿಯಾಗಿ, ಬೇಗ ಕರಗಲ್ಲ. ಆದರೆ ಸ್ವಲ್ಪ ಹೆಚ್ಚು ಕಾಯಿಸಿದರೂ ರಬ್ಬರಿನಂತಾಗಿ ಮರಕ್ಕೆ ಹಿಡಿಯಲ್ಲ. ಅರ್ಧಕ್ಕರ್ಧ ಗೆದ್ದೆ. ಹಳದಿಗೆ ಅರಿಶಿನ ಹಾಕಿದ ತುಂಡುಗಳು ಬಿಸಿಲು ಬೀಳುವ ಕಪಾಟಿನಲ್ಲಿ ಕೆಲವೇ ತಿಂಗಳಲ್ಲಿ ಬಿಳಚಿಕೊಂಡವು.

ಲೆಕ್ಕಕ್ಕೆ ಬಂದರೆ, ಸಾದಾ ಭರಣಿ ಸಗಟಿನಲ್ಲಿ 70 ರೂಪಾಯಿಗೆ ಹೋಗುತ್ತೆ, ಕೆತ್ತಿದ್ದು 240ಕ್ಕೆ. ಸಾದಾದಕ್ಕೆ ಹತ್ತು ನಿಮಿಷ, ಕೆತ್ತನೆಗೆ ಅದರ ಮೇಲೆ ಇನ್ನೂ 35. ಸಾಮಗ್ರಿ ಕಳೆದರೆ ಗಂಟೆಗೆ ಎರಡರಲ್ಲೂ ಮುನ್ನೂರರ ಆಸುಪಾಸೇ. ಆದರೆ ಕರೆಂಟ್ ಹೋದಾಗ ಲೇತ್ ನಿಲ್ಲುತ್ತೆ, ಕೆತ್ತನೆ ನಿಲ್ಲಲ್ಲ. ಬಲ್ಬಿನ ಬದಲು ಭರಣಿಗಳನ್ನು ಬಿಸಿಲಿಗೆ ಇಟ್ಟರಾಯಿತು. ಈಗ 40ರಲ್ಲಿ ಕೆಡುವುದು ಮೂರೋ ನಾಲ್ಕೋ. ಮಕ್ಕಳು ಬಾಯಿಗೆ ಹಾಕುವ ಗಿಲಕಿಗೆ ಮಾತ್ರ ಈ ಕೆಲಸ ಮಾಡಲ್ಲ, ಆರ್ಡರ್ ಬಂದರೂ.