ಎರಡು ಸೆಕೆಂಡ್ ಮುಂದಿದ್ದ ಗಡಿಯಾರ

ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿರುತ್ತದೆ. ಬಸ್ ತಪ್ಪಬಾರದು ಅಂತ ಅವ್ವ ಹಾಗೇ ಇಟ್ಟಿದ್ದಾಳೆ. ಅದೇ ಚಾಳಿ ನನ್ನ ಕಂಪ್ಯೂಟರ್‌ಗೂ ಹತ್ತಿ, ಒಂದು ವಾರ ತಲೆ ತಿಂದಿತು.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ರಾತ್ರಿ ಹೊತ್ತು ಪೈಥಾನ್‌ನಲ್ಲಿ ಬರೆದ ಚಿಕ್ಕ ಪ್ರೋಗ್ರಾಂನಿಂದ ಒಂದು ಕ್ರಿಪ್ಟೊ ಎಕ್ಸ್‌ಚೇಂಜ್‌ನ ಎಪಿಐಗೆ, ಅಂದರೆ ಪ್ರೋಗ್ರಾಂಗಳು ಮಾತಾಡಲು ಇಟ್ಟಿರುವ ಬಾಗಿಲಿಗೆ, ಕೊಳ್ಳುವ ಮಾರುವ ಆರ್ಡರ್ ಕಳಿಸುತ್ತೇನೆ. ದೊಡ್ಡ ದುಡ್ಡೇನಲ್ಲ, ಕಲಿಯುವ ಹುಚ್ಚು ಅಷ್ಟೇ. ಬೆಲೆ ಕೇಳಿದರೆ ತಟ್ಟನೆ ಬರುತ್ತಿತ್ತು. ಆರ್ಡರ್ ಹಾಕಿದರೆ ಮಾತ್ರ ವಾಪಸ್: ಟೈಮ್‌ಸ್ಟ್ಯಾಂಪ್ ಸರಿಯಿಲ್ಲ.

ಬೆಲೆ ಕೇಳುವುದಕ್ಕೆ ಸಹಿ (ಕಳಿಸಿದವರು ನಾವೇ ಅಂತ ತೋರಿಸುವ ಡಿಜಿಟಲ್ ಗುರುತು) ಬೇಕಿಲ್ಲ. ಆರ್ಡರ್‌ಗೆ ಬೇಕು. ಆ ಸಹಿಯೊಳಗೆ ನಮ್ಮ ಕಂಪ್ಯೂಟರ್‌ನ ಹೊತ್ತೂ ಸೇರಿರುತ್ತದೆ, 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡ್‌ಗಳಲ್ಲಿ. ಅದೇ ಟೈಮ್‌ಸ್ಟ್ಯಾಂಪ್. ಹಳೇ ಆರ್ಡರನ್ನು ಯಾರಾದರೂ ಕದ್ದು ಮತ್ತೆ ಕಳಿಸಿದರೆ ಸರ್ವರ್ ಒಪ್ಪಬಾರದಲ್ಲ, ಅದಕ್ಕೆ. ನಾನು ಬಳಸುವ ಕಡೆ ತಡಕ್ಕೆ 5,000 ಮಿಲಿಸೆಕೆಂಡ್ ವಿನಾಯಿತಿ. ಬೇಕಾದರೆ 60,000ದವರೆಗೆ ಏರಿಸಬಹುದು.

ಮೊದಲು ನೆಟ್‌ಗೆ ಬೈದೆ. ಆಮೇಲೆ ವಿನಾಯಿತಿಯನ್ನು ಸೀದಾ 60,000ಕ್ಕೆ ಏರಿಸಿದೆ. ಒಂದು ನಿಮಿಷ ತಡವಾದರೂ ನಡೆಯುತ್ತದೆ, ಇನ್ನೇನು ಬೇಕು ಅಂದುಕೊಂಡೆ. ಅದೇ ಎರರ್! ಮೂರು ದಿನ ಆದ ಮೇಲೆ ಎರರ್ ಸಾಲನ್ನು ಪೂರ್ತಿ ಓದಿದೆ. ನಿಮ್ಮ ಹೊತ್ತು ಸರ್ವರ್‌ಗಿಂತ 1000 ಮಿಲಿಸೆಕೆಂಡ್ ಮುಂದಿದೆ ಅಂತ ಅದರಲ್ಲೇ ಇತ್ತು. ನಾನು ಹಿಂದೆ ಬಿದ್ದಿರಲಿಲ್ಲ, ಮುಂದೆ ಓಡುತ್ತಿದ್ದೆ. ವಿನಾಯಿತಿ ಇರುವುದು ತಡವಾಗಿ ಬಂದವರಿಗೆ ಮಾತ್ರ. ಮುಂದಿದ್ದವರಿಗೆ ಒಂದೇ ಸೆಕೆಂಡ್, ಅದನ್ನು ಏರಿಸಲು ಬರುವುದಿಲ್ಲ. ಅಷ್ಟು ದಿನ ನಾನು ಬೇರೆ ಬಾಗಿಲು ತಟ್ಟುತ್ತಿದ್ದೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ w32tm ಕಮಾಂಡ್‌ನ ಸ್ಟ್ರಿಪ್‌ಚಾರ್ಟ್ ಓಡಿಸಿ, ನೆಟ್‌ನಲ್ಲಿ ಸರಿಯಾದ ಹೊತ್ತು ಹೇಳುವ ಟೈಮ್ ಸರ್ವರ್ ಜೊತೆ ಹೋಲಿಸಿದೆ. ನನ್ನ ಗಡಿಯಾರ 2.3 ಸೆಕೆಂಡ್ ಮುಂದಿತ್ತು. ಎರರ್‌ನಲ್ಲಿದ್ದ 1000 ಬರೀ ಮಿತಿ, ಅಳತೆಯಲ್ಲ.

ಯಾಕೆ ಅಂತ ಗೊತ್ತಾದಾಗ ನಗು ಬಂತು. ನಮ್ಮಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಹಳೇ ಡೆಸ್ಕ್‌ಟಾಪ್ 2012ಕ್ಕೆ ಹೋಗಿಬಿಡುತ್ತಿತ್ತು. ತಾರೀಖು ತಪ್ಪಿದರೆ ವೆಬ್‌ಸೈಟ್‌ಗಳೂ ತೆರೆಯುವುದಿಲ್ಲ. ಅದಕ್ಕೇ ಮೊಬೈಲ್ ನೋಡಿಕೊಂಡು ಕೈಯಿಂದಲೇ ಟೈಮ್ ಇಡುತ್ತಿದ್ದೆ. ಮೊಬೈಲ್‌ನಲ್ಲಿ ನಿಮಿಷ ಬದಲಾಗುವ ಸ್ವಲ್ಪ ಮುಂಚೆಯೇ ಬಟನ್ ಒತ್ತುತ್ತಿದ್ದೆ. ಮುಂದಿದ್ದರೆ ಒಳ್ಳೇದು ಅಂತ, ಸುಮ್ನೆ. ಅವ್ವನ ಮಗ ಅಲ್ವಾ.

ಸಿಪಿಯು ಡಬ್ಬಿ ಹೊತ್ತು ರಿಪೇರಿ ಅಂಗಡಿಗೆ ಹೋದೆ. ಹುಡುಗ ಮುಚ್ಚಳ ತೆಗೆದು, ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವ, ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್ಲನ್ನು ಉಗುರಿನಿಂದ ಎಬ್ಬಿಸಿದ. ಮೀಟರ್ ಹಿಡಿದ. 3 ವೋಲ್ಟ್ ಇರಬೇಕಾದಲ್ಲಿ 1.9. “ಸೆಲ್ ಹೋಗೇತ್ರಿ ಸರ,” ಅಂದ. ಹೊಸ ಸಿಆರ್2032 ಸೆಲ್ ಹಾಕಿಸಿಕೊಂಡು ಬಂದೆ.

ಮನೆಗೆ ಬಂದು, ಟೈಮ್ ಸರ್ವರ್‌ಗೆ ಹೊಂದಿಸಿಕೊಳ್ಳಲಿ ಅಂತ ಅದೇ w32tmಗೆ ರೀಸಿಂಕ್ ಕೊಟ್ಟರೆ, ವಿಂಡೋಸ್‌ನ ಟೈಮ್ ಸರ್ವಿಸ್ಸೇ ಓಡುತ್ತಿಲ್ಲ ಅಂತು. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ಚಾಲೂ ಮಾಡಿ, ಕಂಪ್ಯೂಟರ್ ಜೊತೆಗೇ ಶುರುವಾಗುವಂತೆ ಇಟ್ಟೆ. ವ್ಯತ್ಯಾಸ 20 ಮಿಲಿಸೆಕೆಂಡ್ ಆಸುಪಾಸಿಗೆ ಇಳಿಯಿತು.

ಇಷ್ಟಾದರೂ ಕೋಡ್‌ನಲ್ಲಿ ಒಂದು ಕಾವಲು ಇಟ್ಟೆ. ಶುರುವಿನಲ್ಲಿ ಎಕ್ಸ್‌ಚೇಂಜ್‌ನ ಸರ್ವರ್‌ಗೇ ಟೈಮ್ ಕೇಳುತ್ತೇನೆ. ಕೇಳುವ ಮುಂಚೆ ಮತ್ತು ಉತ್ತರ ಬಂದ ಮೇಲೆ ನನ್ನ ಹೊತ್ತು ಬರೆದುಕೊಂಡು, ಎರಡರ ನಡುವಿನ ಕ್ಷಣವನ್ನು ಸರ್ವರ್ ಹೇಳಿದ್ದಕ್ಕೆ ಹೋಲಿಸುತ್ತೇನೆ. ಹೋಗಿ ಬರಲು 240 ಮಿಲಿಸೆಕೆಂಡ್ ಹಿಡಿದರೆ, ಉತ್ತರ ಬಂದ ಹೊತ್ತಿನಿಂದ ಅರ್ಧ, ಅಂದರೆ 120 ಕಳೆಯಬೇಕು. ಹೋಗುವ ದಾರಿ ಬರುವ ದಾರಿ ಸಮ ಇರುತ್ತದೆ ಅಂತೇನಿಲ್ಲ, ಆದರೆ ಈ ಕೆಲಸಕ್ಕೆ ಸಾಕು. ಬಂದ ವ್ಯತ್ಯಾಸವನ್ನು ಪ್ರತಿ ಆರ್ಡರ್‌ನ ಹೊತ್ತಿಗೆ ಕೂಡಿಸುತ್ತೇನೆ. ಅರ್ಧ ಗಂಟೆಗೊಮ್ಮೆ ಮತ್ತೆ ಅಳೆಯುತ್ತೇನೆ. ವಿನಾಯಿತಿಯನ್ನು ಮಾತ್ರ 5,000ಕ್ಕೇ ಇಳಿಸಿದೆ. ಒಂದು ನಿಮಿಷ ಹಳೆಯ ಆರ್ಡರ್ ಆಮೇಲೆ ಹೋಗಿ ಕೂರುವುದು ನನಗೆ ಬೇಡ.

ಟೈಮ್‌ಸ್ಟ್ಯಾಂಪ್ ಎರರ್ ಬಂದರೆ ಆರ್ಡರ್ ಒಳಗೆ ಹೋಗಿಲ್ಲ ಅಂತಲೇ ಅರ್ಥ. ಹೊಸ ಹೊತ್ತು ಹಾಕಿ ಒಮ್ಮೆ ಮತ್ತೆ ಕಳಿಸುತ್ತೇನೆ. ಆದರೆ ಉತ್ತರವೇ ಬರದೆ ಟೈಮೌಟ್ ಆದರೆ ಹಾಗೆ ಕಳಿಸಬೇಡಿ. ಆರ್ಡರ್ ಹೋಗಿದ್ದರೂ ಹೋಗಿರಬಹುದು, ಮೊದಲು ನೋಡಿಕೊಳ್ಳಿ.

ಮೊನ್ನೆ ವಿಜಯಪುರದ ಗೆಳೆಯ ಇದೇ ಎರರ್ ಅಂತ ಫೋನ್ ಮಾಡಿದ. ಕಂಪ್ಯೂಟರ್ ಹೊಸದು, ಗಡಿಯಾರ ಸರಿ. ಎಷ್ಟು ವ್ಯತ್ಯಾಸ ಅಂತ ಕೇಳಿದೆ. 19,800 ಸೆಕೆಂಡ್ ಹಿಂದೆ ಅಂದ. 3,600ರಿಂದ ಭಾಗಿಸು ಅಂದೆ. ಐದೂವರೆ ಬಂತು, ನಮ್ಮ ದೇಶದ ಹೊತ್ತಿಗೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಮೂಲ ಹೊತ್ತು) ಇರುವ ಗಂಟೆಗಳ ಅಂತರ. ಪೈಥಾನ್‌ನಲ್ಲಿ ಈಗಿನ ಯುಟಿಸಿ ಹೊತ್ತು ಕೊಡುವ ಯುಟಿಸಿನೌ (utcnow) ಕರೆದು ಅದರ ಮೇಲೆ ಟೈಮ್‌ಸ್ಟ್ಯಾಂಪ್ ತೆಗೆದಿದ್ದ. ಅದು ಯುಟಿಸಿ ಹೊತ್ತನ್ನು ಇಲ್ಲಿನ ಹೊತ್ತು ಅಂದುಕೊಂಡು ಮತ್ತೊಮ್ಮೆ ಐದೂವರೆ ಗಂಟೆ ಕಳೆದಿತ್ತು. ಸುಮ್ನೆ ಟೈಮ್ ಡಾಟ್ ಟೈಮ್ (time.time) ತಗೊಂಡು 1000ದಿಂದ ಗುಣಿಸಿ, ಚುಕ್ಕಿ ಆದ ಮೇಲಿನ ಅಂಕಿ ಬಿಟ್ಟುಬಿಡು ಅಂದೆ. ಫೋನ್ ಇಡುವ ಮುಂಚೆಯೇ ಅವನ ಆರ್ಡರ್ ಹೋಯಿತು.